ಪತ್ತೇದಾರಿ ಓದೋರ ಕೈಗೆ ಯಾವ ಐತಿಹಾಸಿಕ ಕಾದಂಬರಿ ಕೊಡೂದು?

ಗುಮ್ಮಟದ ನೆರಳು, ವಿಜಯಪುರ: ಬಳಗದಾಗ 15 ಮಂದಿ ಅದೀವಿ, ತಿಂಗಳಿಗೊಂದು ಪುಸ್ತಕ. ಅರ್ಧ ಮಂದಿಗೆ ಪತ್ತೇದಾರಿ ಬೇಕು, ಉಳಿದೋರಿಗೆ ರಾಜರ ಕಥಿ. ಹೋದ ಸಲ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಇಟ್ಟಿದ್ವಿ. ಪತ್ತೇದಾರಿ ಮಂದಿ ನಡುವಽ ಕೈಬಿಟ್ರು. ಇಬ್ಬರಿಗೂ ಹೊಂದೂದು ಏನರ ಐತೇನ್ರಿ?

ಮಲಪ್ರಭಾ ದಂಡಿ, ಬಾಗಲಕೋಟೆ: ಪುಸ್ತಕದ್ದೇನೂ ತಪ್ಪಿಲ್ಲ, ಸರದಿ ತಪ್ಪೇತಿ. ಚಿತ್ರದುರ್ಗದ ಕಾದಂಬರಿಗಳ ಸಾಲಿನಾಗ ಅದು ಕಡೀದು. 1779ರಾಗ ಹೈದರಾಲಿ ಕೈಗೆ ಕೋಟಿ ಹೋಗತೈತಿ ಅನ್ನೂದು ಹೆಸರಿನಾಗಽ ಐತಿ. ‘ಮುಂದೇನಾತು’ ಅಂತ ಹಾಳಿ ತಿರುವೋರಿಗೆ ಅಲ್ಲಿ ಏನು ಸಿಗಬೇಕು? ಅಂಥವರಿಗೆ ‘ಕಂಬನಿಯ ಕುಯಿಲು’ ಕೊಡ್ರಿ. ದಳವಾಯಿ ಮುದ್ದಣ್ಣನ ಸಂಚು, ಪಟ್ಟದ ಸುತ್ತ ಪಿತೂರಿ, ಯಾರು ಯಾರ ಕಡೆ ಅದಾರ ಅನ್ನೂದಽ ತಿಳಿಯಂಗಿಲ್ಲ. ಆಮ್ಯಾಲ ‘ರಕ್ತರಾತ್ರಿ’, ಅದಾದ ಮ್ಯಾಲ ‘ತಿರುಗುಬಾಣ’. ಮೂರೂ ಕೂಡಿ ಒಂದಽ ಕಥಿ. ಹೆಸರು ಜೋರದ ಅಂತ ‘ರಕ್ತರಾತ್ರಿ’ಯಿಂದ ಹಿಡಿದ್ರ ಯಾರು ಯಾರ ಮಗ ಅಂತ ಹುಡುಕೂದ್ರಾಗಽ ಐವತ್ತು ಪುಟ ಹೋಗತಾವ.

ಹಳೇ ಪುಸ್ತಕದ ವಾಸನೆ, ಬೆಳಗಾವಿ: ಒಪ್ಪುತ್ತೇನೆ. ಆದರೆ ಪತ್ತೇದಾರಿ ಓದುಗನನ್ನು ನೇರವಾಗಿ ಕೋಟೆಯೊಳಗೆ ಬಿಡಬೇಡಿ. ನಡುವೆ ಒಂದು ಮೆಟ್ಟಿಲು ಬೇಕು. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಅದಕ್ಕೆ ಹೇಳಿ ಮಾಡಿಸಿದ ಪುಸ್ತಕ. ಸುರೇಶ, ಗೌರಿ ಎಂಬ ಗಂಡ ಹೆಂಡತಿ, ಒಂದೇ ದಿನದ ಓಟ, ಜೊತೆಗೆ ಹಳೆಯ ಕಾವ್ಯವೊಂದರಲ್ಲಿ ಅಡಗಿದ ಒಗಟು. ಕಾವ್ಯದ ಸಾಲನ್ನು ಸುಳಿವಿನಂತೆ ಬಿಡಿಸುವುದನ್ನು ಓದುಗ ಅಲ್ಲಿ ಕಲಿಯುತ್ತಾನೆ. ಆಮೇಲೆ ಶಾಸನ ಎಂದರೆ ಆಕಳಿಸುವುದಿಲ್ಲ.

ಜ್ವಾಳದ ರೊಟ್ಟಿ, ಮುದ್ದೇಬಿಹಾಳ: ಹಂಗಾರ ‘ಚಿದಂಬರ ರಹಸ್ಯ’ ಯಾಕ ಬ್ಯಾಡ್ರಿ? ಅದ್ರಾಗ ಸಾವೂ ಐತಿ, ತಪಾಸಣಾನೂ ಐತಿ.

ಹಳೇ ಪುಸ್ತಕದ ವಾಸನೆ: ಒಳ್ಳೆಯ ಕಾದಂಬರಿ, ಆದರೆ ಪತ್ತೇದಾರಿ ಅಂತ ಹೇಳಿ ಕೊಟ್ಟರೆ ಬೈಸಿಕೊಳ್ಳುತ್ತೀರಿ. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಬಗ್ಗೆ ಅಂಗಡಿ ಎಂಬ ಅಧಿಕಾರಿ ವಿಚಾರಣೆಗೆ ಬರುತ್ತಾನೆ, ಸರಿ. ಅಲ್ಲಿಂದ ಕಥೆ ಕೆಸರೂರಿನ ಜಾತಿ, ಕಾಡು, ಹುಡುಗರ ಕ್ರಾಂತಿ ಎಂದು ಹರಡಿಕೊಳ್ಳುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾಲದಿಂದ ಕನ್ನಡ ಓದುಗನಿಗೆ ಒಂದು ರೂಢಿ ಬಿದ್ದಿದೆ, ಕೊನೆಯಲ್ಲಿ ಅಪರಾಧಿ ಸಿಗಬೇಕು. ಇದು ಆ ಕರಾರಿಗೆ ಸಹಿ ಹಾಕಿದ ಪುಸ್ತಕವಲ್ಲ. ಮೊದಲೇ ಅಷ್ಟು ಹೇಳಿ ಕೊಡಿ.

ಜ್ವಾಳದ ರೊಟ್ಟಿ: ಆತು. ನಮ್ಮ ಕಡೆಯವರಿಗೆ ನನ್ನ ಓಟು ಕೆ.ಎನ್. ಗಣೇಶಯ್ಯ ಅವರ ‘ಕರಿಸಿರಿಯಾನ’ಕ್ಕ. 1565ರ ರಕ್ಕಸಗಿ-ತಂಗಡಗಿ ಯುದ್ಧ ಆದ ಮ್ಯಾಲ ಆನಿ ಮ್ಯಾಲ ಹೊಂಟ ವಿಜಯನಗರದ ಸಂಪತ್ತು ಎಲ್ಲಿ ಹೋತು ಅನ್ನೂದಽ ಹುಡುಕಾಟ. ರಕ್ಕಸಗಿ, ತಂಗಡಗಿ ಇಲ್ಲೇ ನಮ್ಮ ಮಗ್ಗಲದಾಗ. ಅಡಿಟಿಪ್ಪಣಿ, ಆಧಾರ ಗ್ರಂಥ ಎಲ್ಲಾ ಕೊಟ್ಟಾರ.

ಮಲಪ್ರಭಾ ದಂಡಿ: ಆ ಅಡಿಟಿಪ್ಪಣಿಗೇ ನನ್ನ ತಕರಾರು. ಟಿಪ್ಪಣಿ ಖರೇ ಇದ್ರ ಅದರ ಮ್ಯಾಲ ಕಟ್ಟಿದ ಕಥೀನೂ ಖರೇ ಅಂತ ಮಂದಿ ತಿಳಕೊಂತಾರ. ಆನಿ ಲೆಕ್ಕಾನಽ ನೋಡ್ರಿ. 550 ಆನಿ ಅಂತ ಎಲ್ಲಾರೂ ಹೇಳತಾರ. ರಾಬರ್ಟ್ ಸೀವೆಲ್ 1900ರ ತನ್ನ ವಿಜಯನಗರದ ಪುಸ್ತಕದಾಗ ಬರದಾನು. ಯುದ್ಧ ಆಗಿ 335 ವರ್ಷದ ಮ್ಯಾಲ! ಅಂವಾ ಏನು ಆನಿ ಎಣಿಸಾಕ ಹಂಪಿಯೊಳಗ ನಿಂತಿದ್ನೇನು?

ಜ್ವಾಳದ ರೊಟ್ಟಿ: ಕಾದಂಬರಿಕಾರ ‘ಇದು ಕಾದಂಬರಿ’ ಅಂತ ಹೇಳಿದ ಮ್ಯಾಲ ಓದೋನ ತಪ್ಪು ಅವರ ತಲೀಗೆ ಯಾಕ್ರಿ?

ಗುಮ್ಮಟದ ನೆರಳು: ಜಗಳ ಆಮ್ಯಾಲ ಮಾಡ್ರಿ. ಅಂಥ ಪುಸ್ತಕ ಇಟ್ರ ಬಳಗದಾಗ ಏನು ಮಾಡೂದು, ಅದನ್ನ ಹೇಳ್ರಿ.

ಹಳೇ ಪುಸ್ತಕದ ವಾಸನೆ: ಓದುವಾಗ ಒಂದು ಹಾಳೆಯಲ್ಲಿ ಮೂರು ಕಂಬ (ಕಾಲಂ) ಮಾಡಿಕೊಳ್ಳಿ. ಮೊದಲನೆಯದರಲ್ಲಿ ಶಾಸನ, ಪ್ರವಾಸಿಗಳ ಬರಹದಂಥ ಆ ಕಾಲದ ಸಾಕ್ಷಿ. ಎರಡನೆಯದರಲ್ಲಿ ನೂರಾರು ವರ್ಷದ ಮೇಲೆ ಇನ್ನೊಬ್ಬರು ಬರೆದದ್ದು. ಮೂರನೆಯದು ಲೇಖಕರ ಊಹೆ. ಹತ್ತು ಸಂಗತಿ ಹಾಕಿದರೆ ಸಾಕು. ಸೀವೆಲ್‌ನ ಆನೆಗಳು ಎರಡನೇ ಕಂಬಕ್ಕೆ ಹೋಗುತ್ತವೆ, ಅಷ್ಟೇ. ಪತ್ತೇದಾರಿ ಓದುಗರಿಗೆ ಈ ಆಟ ಬಹಳ ಹಿಡಿಸುತ್ತದೆ, ಸಾಕ್ಷಿ ತೂಗುವುದು ಅವರ ಹಳೆಯ ಕಸುಬಲ್ಲವೇ.

ಮಲಪ್ರಭಾ ದಂಡಿ: ಸಾಕ್ಷಿ ತೂಗೂದಂದ್ರ ನಮ್ಮ ನೆಲದಾಗಽ ಅದಕ್ಕಿಂತ ದೊಡ್ಡ ಕೇಸ್ ಐತಿ: ಬಿಜ್ಜಳನ ಸಾವು. ಮೂರು ಸಾಕ್ಷಿ, ಮೂರೂ ಬ್ಯಾರೆ ಬ್ಯಾರೆ. ಭೀಮಕವಿಯ ‘ಬಸವಪುರಾಣ’ (1369) ಜಗದೇವ ಅನ್ನೋ ಶರಣನ ಕಡೆ ಬೆರಳು ಮಾಡತೈತಿ. ಜೈನರ ‘ಬಿಜ್ಜಳರಾಯ ಚರಿತೆ’ ವಿಷದ ಹಣ್ಣಿನ ಕಥಿ ಹೇಳತೈತಿ. ಶಾಸನದಾಗ ನೋಡಿದ್ರ ಬಿಜ್ಜಳ ಮಗ ಸೋವಿದೇವಗ ರಾಜ್ಯ ಬಿಟ್ಟುಕೊಟ್ಟ ಸುದ್ದಿ. ಕೊಂದೋರು ಯಾರು, ಯಾಕ, ಯಾವ ಊರಾಗ? ಇದನ್ನ ಮೊದಲು ಒಂದು ಹಾಳಿ ಮ್ಯಾಲ ಬರದು ಹಂಚ್ರಿ. ಆಮ್ಯಾಲ ಬಿ. ಪುಟ್ಟಸ್ವಾಮಯ್ಯ ಅವರ ‘ಕ್ರಾಂತಿಕಲ್ಯಾಣ’ ಕೊಡ್ರಿ. 1964ರಾಗ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಮೂರು ಸಾಕ್ಷಿಯೊಳಗ ಲೇಖಕರು ಯಾವುದನ್ನ ನಂಬ್ಯಾರ, ಯಾವುದನ್ನ ಬಿಟ್ಟಾರ ಅಂತ ನೋಡ್ಕೊಂತ ಓದೂದು. ಅದಕ್ಕಿಂತ ಛಲೋ ಪತ್ತೇದಾರಿ ಯಾವುದೈತ್ರಿ?

ಜ್ವಾಳದ ರೊಟ್ಟಿ: ಅದೂ ಸಾಲಿನ ಕಡೀ ಪುಸ್ತಕಽ! ‘ಉದಯರವಿ’, ‘ರಾಜ್ಯಪಾಲ’, ‘ಕಲ್ಯಾಣೇಶ್ವರ’, ‘ನಾಗಬಂಧ’, ‘ಮುಗಿಯದ ಕನಸು’, ಆಮ್ಯಾಲ ‘ಕ್ರಾಂತಿಕಲ್ಯಾಣ’. ‘ದುರ್ಗಾಸ್ತಮಾನ’ಕ್ಕ ಹೇಳಿದ ಮಾತು ಇದಕ್ಕ ಹತ್ತೂದಿಲ್ಲೇನು?

ಮಲಪ್ರಭಾ ದಂಡಿ: ಸಿಕ್ಕಬಿದ್ದೆ, ಒಪ್ಪಿಕೊಂಡೆ. ಆದ್ರ ಒಂದು ಫರಕ್ ಐತಿ. ಬಸವಣ್ಣ, ಬಿಜ್ಜಳ, ಚನ್ನಬಸವಣ್ಣ ಅಂದ್ರ ಯಾರು ಅಂತ ಬಾಗೇವಾಡಿ, ಕೂಡಲಸಂಗಮದ ಸೀಮಿಯೊಳಗ ಸಣ್ಣ ಹುಡುಗರಿಗೂ ಗೊತ್ತು. ಚಿತ್ರದುರ್ಗದ ನಾಯಕರೊಳಗ ಯಾವ ಮದಕರಿ, ಯಾವ ಭರಮಣ್ಣ ಅಂತ ನಮ್ಮ ಮಂದಿಗೆ ಗೊಂದಲ ಆಗತೈತಿ. ಹಿಂದಿನ ಐದರ ಸಾರಾಂಶ ಒಂದು ಪುಟದಾಗ ಕೊಟ್ರ ಇಲ್ಲಿ ನಡೀತೈತಿ, ಅಲ್ಲಿ ನಡ್ಯೂದಿಲ್ಲ.

ಕೃಷ್ಣೆಯ ಕೂಸು, ಜಮಖಂಡಿ: ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ (2019) ಯಾರೂ ಹೇಳಲಿಲ್ಲಲ್ರೀ ಅಣ್ಣಾರ? ಲಿಸ್ಬನ್ನಿನ ತೇಜೋ ನದಿ ಒಂದು ಕಡೆ, ತುಂಗಭದ್ರಾ ಒಂದು ಕಡೆ. ಹೊಸಬರು ಎಡವೂದು ಎಲ್ಲಿ ಅಂದ್ರ, ಒಂದು ಕಥಿ ರಂಗೇರೂ ಹೊತ್ತಿಗೆ ಲೇಖಕರು ಇನ್ನೊಂದು ದಂಡಿಗೆ ಹೊಂಟುಬಿಡತಾರ. ಬ್ಯಾಸರಾಗಿ ಒಂದಽ ಕಥಿಯ ಪುಟ ಆರಿಸಿ ಓದೋರು ಅದಾರ. ಹಂಗ ಮಾಡಿದ್ರ ಗೋವಾದಾಗ ಎರಡೂ ಕೂಡಿದಾಗ ಅರ್ಧ ಮಜಾ ಹೋಗತೈತಿ.

ಹಳೇ ಪುಸ್ತಕದ ವಾಸನೆ: ಸರಿಯಾದ ಮಾತು ಅಕ್ಕಾ. ಗಟ್ಟಿ ಪುಸ್ತಕ, ಅದಕ್ಕೆ ಎರಡು ತಿಂಗಳು ಕೊಡಿ.

ಗುಮ್ಮಟದ ನೆರಳು: ಹಂಗಾರ ಹಿಂಗ ಬರಕೊಂಡೀನಿ. ಮೊದಲು ‘ಜುಗಾರಿ ಕ್ರಾಸ್’. ಆಮ್ಯಾಲ ‘ಕರಿಸಿರಿಯಾನ’, ಮೂರು ಕಂಬದ ಹಾಳಿ ಸಮೇತ. ಮೂರನೇ ತಿಂಗಳಿಂದ ‘ಕಂಬನಿಯ ಕುಯಿಲು’ ಮತ್ತ ಅದರ ಬೆನ್ನಿಗಿನ ಎರಡು. ‘ತೇಜೋ’ ಆದ ಮ್ಯಾಲ ಬಿಜ್ಜಳನ ಕೇಸ್.

ಜ್ವಾಳದ ರೊಟ್ಟಿ: ಒಂದು ಕರಾರು ಹಾಕ್ರಿ. ಮೊದಲು ಓದಿ ಮುಗಿಸಿದೋರು ಗ್ರೂಪಿನಾಗ ಕಡೀ ಅಧ್ಯಾಯದ ಬಗ್ಗೆ ತುಟಿ ಬಿಚ್ಚೂದಿಲ್ಲ. ‘ಆ ನೌಕರನ ಮ್ಯಾಲ ಸ್ವಲ್ಪ ಕಣ್ಣಿಡ್ರಿ’ ಅನ್ನೂದೂ ಬಿಚ್ಚಿದ್ಹಂಗಽ.

ಮಲಪ್ರಭಾ ದಂಡಿ: ಹಿಂಬದಿ ರಟ್ಟಿನ ಮ್ಯಾಲಿನ ಬರಹಾನೂ ಓದಬ್ಯಾಡ್ರಿ ಅಂತ ಹೇಳ್ರಿ. ಅರ್ಧ ಕಥಿ ಅಲ್ಲೇ ಒದರಿಬಿಟ್ಟಿರತಾರ.