ಕಾಂಟೆಸ್ಸಾಗೆ ಸ್ಕೂಪ್ ಇರೋ ಫೈಬರ್ ಬಾನೆಟ್: ಗ್ಯಾಪ್ ಕೂರ್ತಾ ಇಲ್ಲ, ಏನು ಮಾಡಲಿ?

ಬಟವಾಡಿ_ಕಾಂಟೆಸ್ಸಾ:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಬಟವಾಡಿಯವನು. ನಮ್ಮಪ್ಪ 1994ರಲ್ಲಿ ತಗೊಂಡ ಕಾಂಟೆಸ್ಸಾ ಕ್ಲಾಸಿಕ್ ಕಾರು ಇನ್ನೂ ನಮ್ಮ ಮನೆಯಲ್ಲೇ ಇದೆ. 1.8 ಲೀಟರ್ ಇಸುಝು ಪೆಟ್ರೋಲ್ ಇಂಜಿನ್, ಐದು ಗೇರ್, ಬಿಳಿ ಬಣ್ಣ. ಇಂಜಿನ್ ಗಟ್ಟಿಯಾಗಿದೆ. ಆದರೆ ಬಾನೆಟ್‌ನ ಮುಂದಿನ ಅಂಚು ಒಳಗಿಂದ ತುಕ್ಕು ತಿಂದಿದೆ. ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತೆ.

ನನಗೆ ಚಿಕ್ಕಂದಿನಿಂದ ಈ ಗಾಡಿಗೆ ಸ್ಕೂಪ್ (ಗಾಳಿ ಒಳಗೆ ಹೋಗೋಕೆ ಉಬ್ಬಿದ ಬಾಯಿ) ಇರೋ ಬಾನೆಟ್ ಹಾಕಬೇಕು ಅಂತ ಆಸೆ. ಆ ಉದ್ದ ಮೂಗು, ಹಿಂದಿನ ಚಕ್ರಕ್ಕೆ ಡ್ರೈವ್, ನಮ್ಮ ದೇಶದ ಮಸಲ್ ಕಾರ್ ಅಂದ್ರೆ ಇದೇ ಅಲ್ವಾ? ಹಾಗಾಗಿ ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಫೈಬರ್ ಬಾನೆಟ್ ಮಾಡಿಸಿಕೊಂಡು ಬಂದೆ. ಮಧ್ಯದಲ್ಲಿ ಮುಂದಕ್ಕೆ ಬಾಯಿ ತೆರೆದ ಸ್ಕೂಪ್ ಇದೆ. ನೋಡೋಕೆ ತುಂಬಾ ಚೆನ್ನಾಗಿದೆ. ಕೂರಿಸಿದ ಮೇಲೆ ತೊಂದರೆ ಶುರುವಾಯಿತು.

ಎಡಗಡೆ ಮುಂದಿನ ಗ್ಲಾಸಿನ ಹತ್ತಿರ ಬೆರಳು ಹೋಗುವಷ್ಟು ಗ್ಯಾಪ್. ಬಲಗಡೆ ಫೆಂಡರ್‌ಗೆ (ಚಕ್ರದ ಮೇಲಿನ ತಗಡಿಗೆ) ಒರೆಸುತ್ತಾ ಇದೆ. ಮುಂದೆ ನಡುಭಾಗ ಉಬ್ಬಿ ನಿಂತಿದೆ. ಎರಡೂ ಕೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಲಾಕ್ ಬೀಳುತ್ತೆ. ಹೈವೇಯಲ್ಲಿ ದಾಬಸ್‌ಪೇಟೆ ಕಡೆ ಹೋಗುವಾಗ 80 ದಾಟಿದರೆ ಮುಂದಿನ ಅಂಚು ಪಟಪಟ ಅದುರುತ್ತೆ. ಟಿಂಕರ್ ಹೇಳೋದು, "ಪುಟ್ಟಿ ಹಾಕಿ ಸರಿ ಮಾಡ್ತೀನಿ, ಪೇಂಟ್ ಆದ್ಮೇಲೆ ಗೊತ್ತಾಗಲ್ಲ" ಅಂತ. ನನಗೆ ಒಪ್ಪಿಗೆಯಾಗುತ್ತಿಲ್ಲ.

ಹಳೆ ಬಾನೆಟ್‌ನ ತುಕ್ಕು ಕತ್ತರಿಸಿ, ಈ ಸ್ಕೂಪನ್ನೇ ಅದಕ್ಕೆ ಕೂರಿಸೋದು ಒಳ್ಳೆಯದಾ? ಅಥವಾ ಫೈಬರ್‌ನಲ್ಲೇ ಮುಂದುವರಿಯಲಾ? ಸ್ಕೂಪಿನ ಬಾಯಿ ತೆರೆದೇ ಇರಲಾ, ಮುಚ್ಚಿಸಲಾ? ಮಳೆ ನೀರಿನ ಭಯ ಇದೆ. ಆರ್‌ಟಿಒ ವಿಚಾರ ಗೊತ್ತಿದ್ದವರೂ ಹೇಳಿ.

ನಂದಿ_ತಪ್ಪಲು:

ಚಿಕ್ಕಬಳ್ಳಾಪುರದಿಂದ. ಗಾಡಿ ಫೋಟೋ ಹಾಕಿ ಗುರುಗಳೇ, ನೋಡೋ ಆಸೆ. ನನ್ನ ಸಲಹೆ ಒಂದೇ. ಹಿಂಜ್ ಕೆಳಗೆ ದಪ್ಪ ವಾಷರ್ ಕೊಟ್ಟು, ಗ್ಲಾಸಿನ ಕಡೆಯ ಅಂಚನ್ನು ಒಂದು ಇಂಚು ಎತ್ತಿಬಿಡಿ. ಬಿಸಿ ಎಲ್ಲ ಹಿಂದಿನಿಂದ ಹೋಗುತ್ತೆ. ಇಲ್ಲಿ ಹುಡುಗರು ಎಲ್ಲರೂ ಹಾಗೇ ಮಾಡ್ತಾರೆ. ಸ್ಕೂಪ್ ಶೋಗೆ ಇರಲಿ, ಬಾಯಿ ಮುಚ್ಚಿಸಿಬಿಡಿ.

ಟೂಲ್‌ರೂಮ್_ತುಮಕೂರು:

ತಮ್ಮ, ಮೊದಲು ಆ ಪುಟ್ಟಿ ಡಬ್ಬ ಮುಚ್ಚಿಸು. ನಿನಗೆ ಒಪ್ಪಿಗೆಯಾಗದೇ ಇದ್ದದ್ದು ಸರಿಯಾಗೇ ಇದೆ. ಫೈಬರ್ ಬಾನೆಟ್ ಬಳುಕುತ್ತೆ. ಅಂಚಿನ ಮೇಲೆ ದಪ್ಪ ಪುಟ್ಟಿ ಕೂತರೆ, ಅದು ಬಳುಕಿದಾಗೆಲ್ಲ ಪುಟ್ಟಿ ಬಿರುಕು ಬಿಡುತ್ತೆ. ಒಂದು ಬೇಸಿಗೆ ಕಳೆಯೋದರೊಳಗೆ ಪೇಂಟ್ ಮೇಲೆ ಗೆರೆ ಕಾಣುತ್ತೆ.

ನಾನು ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಇದ್ದವನು. ನನ್ನ ಹತ್ತಿರವೂ ಕಾಂಟೆಸ್ಸಾ ಇದೆ, ಅದರ ಮೇಲೂ ಫೈಬರ್ ಬಾನೆಟ್ ಇದೆ. ಈ ಗಾಡಿ ಅಂದ್ರೆ ನನಗೆ ಜೀವ. ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಲ್ಲಿ ಇದನ್ನು ತಂದಾಗ ಬಾಡಿ ಇಂಗ್ಲೆಂಡಿನ ವಾಕ್ಸ್‌ಹಾಲ್‌ದು, ಇಂಜಿನ್ ಮಾತ್ರ ಅಂಬಾಸಿಡರ್‌ನ 1.5. ಅಷ್ಟು ದೊಡ್ಡ ದೇಹಕ್ಕೆ ಅದು ಸಾಲುತ್ತಿರಲಿಲ್ಲ. ನಿನ್ನ ಹತ್ತಿರ ಇರೋ ಇಸುಝು ಇಂಜಿನ್ ಬಂದ ಮೇಲೇ ಗಾಡಿಗೆ ಕಳೆ ಬಂದಿದ್ದು. 2002ಕ್ಕೆ ತಯಾರಿಕೆ ನಿಂತಿತು. ಅದಕ್ಕೇ ಹೇಳ್ತೀನಿ, ಹಳೆ ಬಾನೆಟ್ ಕತ್ತರಿಸಬೇಡ. ಆ ಪ್ರೆಸ್ಸಿನಿಂದ ಇನ್ನೊಂದು ಬರಲ್ಲ. ಗುಜರಿಯಲ್ಲಿ ಸಿಕ್ಕರೂ ಅದೇ ಅಂಚು ತುಕ್ಕು ಹಿಡಿದಿರುತ್ತೆ. ತುಕ್ಕು ತೆಗೆಸಿ, ಒಳಗೆ ರೆಡ್ ಆಕ್ಸೈಡ್ ಬಳಿಸಿ, ಹಳೆ ಕಂಬಳಿ ಸುತ್ತಿ ಅಟ್ಟದ ಮೇಲೆ ಇಡು. ಕನಸಿನ ಸ್ಕೂಪ್ ಫೈಬರ್‌ನಲ್ಲೇ ಆಗಲಿ.

ಈಗ ಕೆಲಸಕ್ಕೆ ಬಾ. ಅಟ್ಟಕ್ಕೆ ಹಾಕುವ ಮುಂಚೆ ಹಳೆ ಬಾನೆಟನ್ನೇ ಒಂದು ಸಲ ವಾಪಸ್ ಕೂರಿಸಿ ನೋಡು. ಅದರಲ್ಲೂ ಎಡಗಡೆ ಗ್ಯಾಪ್ ಬಂದರೆ ದೋಷ ಫೈಬರ್‌ದಲ್ಲ. ಎಲ್ಲೋ ಹಳೆ ಏಟು ಬಿದ್ದು ಫೆಂಡರ್ ಸರಿದಿದೆ ಅಂತ ಅರ್ಥ. ಹಳೆಯದು ನೆಟ್ಟಗೆ ಕೂತರೆ, ಎರಡೂ ಬಾನೆಟ್ ತಲೆಕೆಳಗಾಗಿ ನೆಲದ ಮೇಲೆ ಮಲಗಿಸಿ ಮೂಲೆಯಿಂದ ಮೂಲೆಗೆ ಅಳೆ. ಫೈಬರ್‌ನಲ್ಲಿ ಅಂಟಾಗಿ ಬಳಸೋ ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತೆ. ಮೋಲ್ಡಿನಿಂದ (ಅಚ್ಚಿನಿಂದ) ಬೇಗ ಎತ್ತಿದ್ದರೆ ತಿರುಚಿಕೊಂಡಿರುತ್ತೆ. ಎರಡು ಅಳತೆಯಲ್ಲಿ ಎಷ್ಟು ವ್ಯತ್ಯಾಸ ಅನ್ನೋದು ಗೊತ್ತಾಗದೆ ಸ್ಪ್ಯಾನರ್ ಹಿಡಿಯಬೇಡ.

ಹಿಂಜ್ ಬೋಲ್ಟ್ ಸಡಿಲ ಮಾಡುವ ಮುಂಚೆ ಸುತ್ತ ಚೂಪಾದ ಮೊಳೆಯಿಂದ ಗೆರೆ ಎಳಿ. ಲಾಕ್ ಪಿನ್ ಪೂರ್ತಿ ಬಿಚ್ಚಿಡು, ಮುಂದಿನ ರಬ್ಬರ್ ಬಫರ್‌ಗಳನ್ನೂ ಕೆಳಕ್ಕೆ ಇಳಿಸು. ಲಾಕ್ ಎಳೀತಾ ಇದ್ದರೆ ಬಾನೆಟ್ ಎಲ್ಲಿ ಕೂರಬೇಕು ಅಂತ ತಾನಾಗಿ ಹೇಳಲ್ಲ. ಆಮೇಲೆ ಗ್ಲಾಸಿನ ಕಡೆ ಮೊದಲು, ಪಕ್ಕ ಎರಡನೇದು, ಮುಂದಿನ ಎತ್ತರ ಕೊನೆಗೆ. ಐದು ಮಿಲಿಮೀಟರ್ ದಪ್ಪದ ರಬ್ಬರ್ ಶೀಟ್ ತುಂಡು ಮಾಡಿ ಎರಡೂ ಪಕ್ಕ ಸಿಕ್ಕಿಸಿ ಬೋಲ್ಟ್ ಬಿಗಿ ಮಾಡು. ಬಲಗಡೆ ಇನ್ನೂ ಒರೆಸಿದರೆ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ಇಳಿಸಬಹುದು. ಮಾಸ್ಕ್ ಇಲ್ಲದೆ ಉಜ್ಜಬೇಡ, ಫೈಬರ್ ಒಳಗಿನ ಗಾಜಿನ ನಾರಿನ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

ಇನ್ನು ಮುಂದಿನ ಉಬ್ಬು. ಲಾಕ್ ಪಿನ್ ಸುತ್ತ ಇರೋ ಸ್ಪ್ರಿಂಗ್ ನೋಡಿದೀಯಾ? ಭಾರದ ಕಬ್ಬಿಣದ ಬಾನೆಟನ್ನು ಮೇಲಕ್ಕೆ ಚಿಮ್ಮಿಸೋಕೆ ಮಾಡಿದ್ದು ಅದು. ನಿನ್ನ ಫೈಬರ್ ಹಗುರ, ನಡುವೆ ಬಲ ಇಲ್ಲ. ಸ್ಪ್ರಿಂಗ್ ಅದನ್ನು ಬಿಲ್ಲಿನ ಹಾಗೆ ಬಗ್ಗಿಸಿ ನಿಲ್ಲಿಸಿದೆ. 80ರಲ್ಲಿ ಅದುರೋದೂ ಅದೇ ಕಾರಣಕ್ಕೆ. ಮೆತ್ತನೆ ಸ್ಪ್ರಿಂಗ್ ಹಾಕಿಸು. ಮುಂದಿನ ಅಂಚಿನ ಒಳಗೆ ಅಡ್ಡಕ್ಕೆ ಒಂದು ತೆಳು ಸ್ಟೀಲ್ ಚಾನೆಲ್ ಇಟ್ಟು, ಮೇಲೆ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಸು), ರೆಸಿನ್ ಹಾಕಿ ಮುಚ್ಚಿಸು. ಹಿಂಜ್ ಮತ್ತು ಲಾಕ್ ಕೂರುವ ಜಾಗಕ್ಕೂ ಒಳಗೆ ಸ್ಟೀಲ್ ಪ್ಲೇಟ್ ಬೇಕು. ಬರೀ ಫೈಬರ್‌ಗೆ ಬೋಲ್ಟ್ ಬಿಗಿದರೆ ದಿನ ಕಳೆದಂತೆ ತೂತು ಅಗಲವಾಗುತ್ತೆ.

ಮತ್ತೆ ಇದು ತಪ್ಪಲೇಬಾರದು: ಮುಂದಿನ ಎರಡು ಮೂಲೆಗೆ ಬಾನೆಟ್ ಪಿನ್ (ಲಾಕ್ ಬಿಟ್ಟರೂ ಬಾನೆಟ್ ಹಿಡಿದಿಡುವ ಕೊಂಡಿ) ಹಾಕಿಸು. ಕಾಂಟೆಸ್ಸಾ ಬಾನೆಟ್ ಹಿಂಜ್ ಇರೋದು ಗ್ಲಾಸಿನ ಕಡೆ. ಓಡುವಾಗ ಲಾಕ್ ಬಿಟ್ಟರೆ ಗಾಳಿ ಅದನ್ನು ಎತ್ತಿ ನೇರ ನಿನ್ನ ಮುಖದ ಮುಂದಕ್ಕೆ ತಂದು ಬಡಿಯುತ್ತೆ. ಪಿನ್ ಕೂರುವವರೆಗೆ ಹೈವೇಗೆ ಇಳಿಯಬೇಡ. ನಿಮ್ಮಪ್ಪನನ್ನು ಕೂರಿಸಿಕೊಂಡಂತೂ ಬೇಡವೇ ಬೇಡ.

ಸ್ಕೂಪ್ ಕೆಳಗೆ ಎಷ್ಟು ಜಾಗ ಇದೆ ಅಂತ ನೋಡೋಕೆ ಚಪಾತಿ ಹಿಟ್ಟು ಸಾಕು. ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಏರ್ ಕ್ಲೀನರ್ ಮುಚ್ಚಳದ ಮೇಲೆ ಅಲ್ಲಲ್ಲಿ ಇಡು. ಬಾನೆಟ್ ನಿಧಾನಕ್ಕೆ ಮುಚ್ಚಿ, ತೆಗೆ. ಚಪ್ಪಟೆಯಾದ ಉಂಡೆಯನ್ನು ಚಾಕುವಿನಿಂದ ಕೊಯ್ದು ಸ್ಕೇಲ್ ಇಟ್ಟು ಅಳೆ. 20 ಮಿಲಿಮೀಟರ್‌ಗಿಂತ ಕಮ್ಮಿ ಇದ್ದರೆ ನನಗೆ ಸಮಾಧಾನ ಇಲ್ಲ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ, ಗೇರ್ ಹಾಕಿ ಕ್ಲಚ್ ಬಿಟ್ಟಾಗ ಪಕ್ಕಕ್ಕೆ ಹೊರಳುತ್ತೆ.

ಗಾಳಿಯ ವಿಚಾರ. ಸ್ಕೂಪ್ ಹಾಕಿದರೆ ಗಾಳಿ ನುಗ್ಗಿ ಪವರ್ ಜಾಸ್ತಿಯಾಗುತ್ತೆ ಅಂತ ಎಲ್ಲರೂ ಹೇಳ್ತಾರೆ. 100 ಕಿ.ಮೀ. ವೇಗದಲ್ಲಿ ನುಗ್ಗುವ ಗಾಳಿಯ ಒತ್ತಡ ಸುಮಾರು 460 ಪಾಸ್ಕಲ್. ನಾವು ಉಸಿರಾಡೋ ಗಾಳಿಯ ಒತ್ತಡ ಒಂದು ಲಕ್ಷ ಪಾಸ್ಕಲ್. ಅರ್ಧ ಪರ್ಸೆಂಟೂ ಆಗಲಿಲ್ಲ. ಲಾಭ ಇರೋದು ತಣ್ಣನೆ ಗಾಳಿಯಲ್ಲಿ. ಏಪ್ರಿಲ್‌ನಲ್ಲಿ ಶಿರಾ ರೋಡಲ್ಲಿ ಹೊರಗೇ 38 ಡಿಗ್ರಿ, ಬಾನೆಟ್ ಕೆಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಗಾಳಿ 10 ಡಿಗ್ರಿ ತಣ್ಣಗಾದರೆ ಸುಮಾರು 3 ಪರ್ಸೆಂಟ್ ದಟ್ಟವಾಗುತ್ತೆ. ಆದರೆ ಅದು ಸಿಗಬೇಕಾದರೆ ಸ್ಕೂಪಿನ ಗಾಳಿ ನೇರ ಏರ್ ಕ್ಲೀನರ್‌ಗೇ ಹೋಗಬೇಕು. ಏರ್ ಕ್ಲೀನರ್ ಸುತ್ತ ಒಂದು ಟ್ರೇ, ಅದರ ಅಂಚಿಗೆ ಬಾನೆಟ್‌ಗೆ ಒತ್ತಿ ಕೂರುವ ದಪ್ಪ ಸ್ಪಂಜು. ಇಲ್ಲದಿದ್ದರೆ ತಣ್ಣನೆ ಗಾಳಿ ಬಿಸಿ ಗಾಳಿ ಸೇರಿ ಎಲ್ಲ ಒಂದೇ. ಹಳೆ ಫಾರ್ಚೂನರ್ ಬಾನೆಟ್ ತೆಗೆದು ನೋಡು. ಸ್ಕೂಪಿನ ಗಾಳಿ ಬೇರೆಲ್ಲೂ ಹೋಗದೆ ಕೆಳಗಿನ ಇಂಟರ್‌ಕೂಲರ್ (ಟರ್ಬೊದ ಬಿಸಿ ಗಾಳಿ ತಣ್ಣಗೆ ಮಾಡೋ ಭಾಗ) ಮೇಲೇ ಬೀಳೋ ಹಾಗೆ ಮಾಡಿದ್ದಾರೆ.

ನಂದಿ ತಪ್ಪಲಿನವರೇ, ನಿಮ್ಮ ಮಾತು ಒಪ್ಪೋಕೆ ಆಗಲ್ಲ. ಗಾಡಿ ಓಡುವಾಗ ಗ್ಲಾಸಿನ ಬುಡದಲ್ಲಿ ಗಾಳಿ ಬಂದು ಡಿಕ್ಕಿ ಹೊಡೆದು ಒತ್ತಡ ಏರುತ್ತೆ. ಹಿಂದಿನ ಅಂಚು ಎತ್ತಿದರೆ ಬಿಸಿ ಹೊರಗೆ ಹೋಗಲ್ಲ, ಗಾಳಿಯೇ ಒಳಗೆ ಬರುತ್ತೆ. ರೇಡಿಯೇಟರ್ ಮೂಲಕ ಬಂದ ಗಾಳಿಗೆ ಎದುರು ನಿಲ್ಲುತ್ತೆ. 1969ರ ಅಮೆರಿಕದ ಕಮಾರೋ ಕಾರಿನಲ್ಲಿ ಸ್ಕೂಪಿನ ಬಾಯಿ ಗ್ಲಾಸಿನ ಕಡೆ ತಿರುಗಿದ್ದು ಇದಕ್ಕೇ. ಆ ಒತ್ತಡದ ಗಾಳಿಯನ್ನು ಇಂಜಿನ್‌ಗೆ ಎಳೆದುಕೊಳ್ಳೋಕೆ. ಹಿಂದಿನ ಅಂಚು ಎತ್ತಿದರೆ ಸಿಗ್ನಲ್‌ನಲ್ಲಿ ನಿಂತಾಗ ಸ್ವಲ್ಪ ಬಿಸಿ ಹೊರಗೆ ಏಳುತ್ತೆ, ಅಷ್ಟೇ.

ನೆನಪಿರಲಿ ತಮ್ಮ, ಪೇಂಟ್ ಕೊನೆಗೆ. ಬಾನೆಟನ್ನು ಗಾಡಿ ಮೇಲೇ ಸರಿಯಾಗಿ ಮುಚ್ಚಿ ಕೆಲವು ವಾರ ಬಿಸಿಲಿಗೆ ಬಿಡು. ರೆಸಿನ್ ಪೂರ್ತಿ ಗಟ್ಟಿಯಾಗಲಿ. ಬೇಗ ಪೇಂಟ್ ಮಾಡಿದರೆ ಒಳಗಿನ ಮ್ಯಾಟಿನ ಎಳೆ ಮೇಲೆ ಕಾಣೋಕೆ ಶುರುವಾಗುತ್ತೆ. ಉಜ್ಜುವ ಮುಂಚೆ ಮೋಲ್ಡಿನ ವ್ಯಾಕ್ಸ್ ತೊಳೆಸು. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿನ ಬಿಸಿ ಹೊಗೆ ಹೊರಬರೋ ಪೈಪು) ಮೇಲಿನ ಭಾಗಕ್ಕೆ ಒಳಗಡೆ ಫಾಯಿಲ್ ಶೀಟ್ ಅಂಟಿಸು. ಸಾಮಾನ್ಯ ಪಾಲಿಯೆಸ್ಟರ್ 70-80 ಡಿಗ್ರಿಗೆ ಮೆತ್ತಗಾಗೋಕೆ ಹತ್ತಿರ ಬರುತ್ತೆ.

ಕೋಲಾರ_ಪದ್ಮಿನಿ:

ಆರ್‌ಟಿಒ ವಿಚಾರ ನಾನು ಹೇಳ್ತೀನಿ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ, ಆರ್‌ಸಿಯಲ್ಲಿ ಇರೋ ವಿವರ ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿತು. ತಪ್ಪಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಇದೆ, ಆರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶ ಇದೆ. ಆದರೆ ಅದೇ ಸೆಕ್ಷನ್ನು ಬದಲಾವಣೆ ಅಂದ್ರೆ ಗಾಡಿಯ ಮೂಲ ಲಕ್ಷಣವೇ ಬದಲಾಗುವಂಥದ್ದು ಅನ್ನುತ್ತೆ. ಬಾನೆಟ್ ಅದರಲ್ಲಿ ಬರುತ್ತಾ ಇಲ್ವಾ ಅನ್ನೋದನ್ನು ನಾವು ಮನೆಯಲ್ಲಿ ಕೂತು ತೀರ್ಮಾನಿಸೋದು ಬೇಡ. ತುಮಕೂರು ಆರ್‌ಟಿಒ ಕಚೇರಿಗೆ ಬಾನೆಟ್ ಫೋಟೋ ತಗೊಂಡು ಹೋಗಿ, ಪೇಂಟ್‌ಗೆ ಮುಂಚೆ ಇನ್‌ಸ್ಪೆಕ್ಟರ್ ಹತ್ತಿರ ಮಾತಾಡಿ. ಬಾನೆಟ್‌ಗೆ ಕಪ್ಪು ಬಣ್ಣ ಹೊಡೆಸೋ ಯೋಚನೆ ಇದ್ದರೆ ಅದನ್ನೂ ಕೇಳಿ, ಆರ್‌ಸಿಯಲ್ಲಿ ಬಣ್ಣವೂ ಬರೆದಿರುತ್ತೆ.

1994ರ ಗಾಡಿ ಅಂದ್ರೆ ಐದು ವರ್ಷಕ್ಕೊಮ್ಮೆ ರೀ-ರಿಜಿಸ್ಟ್ರೇಷನ್‌ಗೆ ಗಾಡಿ ತೋರಿಸಲೇಬೇಕು. ಹಳೆ ಬಾನೆಟ್ ಇಟ್ಟುಕೊಳ್ಳಿ ಅಂತ ಟೂಲ್‌ರೂಮ್ ಸಾರ್ ಹೇಳಿದ್ದಕ್ಕೆ ಇನ್ನೊಂದು ಕಾರಣ ಇದೆ. 2021ರಲ್ಲಿ ವಿಂಟೇಜ್ ಗಾಡಿ ನಿಯಮ ಬಂತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ನಿಮ್ಮದಕ್ಕೆ 2044ಕ್ಕೆ ಆ ವಯಸ್ಸು. ದೂರ ಅನ್ನಿಸಬಹುದು. ನನ್ನ ಪದ್ಮಿನಿ ಕಾರಿನ ಒಂದೊಂದು ಒರಿಜಿನಲ್ ಬೀಡಿಂಗೂ ಪೇಪರಿನಲ್ಲಿ ಸುತ್ತಿ ಎತ್ತಿಟ್ಟಿದ್ದೇನೆ.

ಬಟವಾಡಿ_ಕಾಂಟೆಸ್ಸಾ:

ಟೂಲ್‌ರೂಮ್ ಸಾರ್, ಇಷ್ಟು ಸಮಯ ಕೊಟ್ಟು ಬರೆದಿದ್ದಕ್ಕೆ ಮನಸಾರೆ ಧನ್ಯವಾದ. ಹಳೆ ಬಾನೆಟ್ ವಾಪಸ್ ಕೂರಿಸಿ ನೋಡಿದೆ. ನೆಟ್ಟಗೆ ಕೂರುತ್ತೆ, ಅಂದ್ರೆ ಬಾಡಿ ಸರಿ ಇದೆ. ಮೂಲೆಯಿಂದ ಮೂಲೆಗೆ ಅಳೆದರೆ ಫೈಬರ್ ಒಂದು ಕಡೆ ಒಂಬತ್ತು ಮಿಲಿಮೀಟರ್ ಕಮ್ಮಿ ಇದೆ. ಹಿಟ್ಟಿನ ಉಂಡೆ ಏರ್ ಕ್ಲೀನರ್‌ನ ಹಿಂದಿನ ಭಾಗದಲ್ಲಿ 14 ಮಿಲಿಮೀಟರ್‌ಗೆ ಚಪ್ಪಟೆಯಾಯಿತು, ಮುಂದೆ 30 ಇದೆ. ಅಮ್ಮ ಹಿಟ್ಟು ಯಾಕೆ ಅಂತ ಕೇಳಿದರು, ಹೇಳಿದ ಮೇಲೆ ಅವರೇ ಬಂದು ನಿಂತು ನೋಡಿದರು.

ಈ ಒಂಬತ್ತು ಮಿಲಿಮೀಟರ್ ಸರಿ ಮಾಡಬಹುದಾ, ವಾಪಸ್ ಕೊಡಲಾ? ಮಳೆಗೆ ಟ್ರೇಯಲ್ಲಿ ನೀರು ನಿಂತರೆ?

ಟೂಲ್‌ರೂಮ್_ತುಮಕೂರು:

ಒಂಬತ್ತು ಜಾಸ್ತಿನೇ ಆಯಿತು. ಮಾಡಿಕೊಟ್ಟವರ ಹತ್ತಿರ ಮೊದಲು ಕೇಳು, ಇನ್ನೊಂದು ಎಳೆದುಕೊಡಲಿ. ಈ ಸಲ ಮೋಲ್ಡಿನಲ್ಲೇ ಜಾಸ್ತಿ ದಿನ ಬಿಡೋಕೆ ಹೇಳು, ಸ್ಟೀಲ್ ಪ್ಲೇಟ್ ಅಲ್ಲೇ ಕೂರಿಸಿಬಿಡಲಿ. ಒಪ್ಪದಿದ್ದರೆ ಕಮ್ಮಿ ಇರೋ ಅಂಚನ್ನು ಎರಡು ಇಂಚು ಒಳಗಿನವರೆಗೆ ಇಳಿಜಾರಾಗಿ ಉಜ್ಜಿ, ಮ್ಯಾಟ್ ಮತ್ತು ರೆಸಿನ್‌ನಲ್ಲೇ ಬೆಳೆಸಬೇಕು. ಅದನ್ನು ಪುಟ್ಟಿಯಲ್ಲಿ ಮಾಡೋಕೆ ಬಿಡಬೇಡ.

ಹಿಂದಿನ 14ಕ್ಕೆ, ಮೊದಲು ಇಂಜಿನ್ ಮೌಂಟಿಂಗ್ ರಬ್ಬರ್ ಮತ್ತು ಗೇರ್‌ಬಾಕ್ಸ್ ಮೌಂಟಿಂಗ್ ನೋಡಿಸು. 1994ರ ಗಾಡಿಯಲ್ಲಿ ಗೇರ್‌ಬಾಕ್ಸ್ ರಬ್ಬರ್ ಕುಸಿದಿದ್ದರೆ ಇಂಜಿನ್ ಓರೆಯಾಗಿ ನಿಂತಿರುತ್ತೆ. ಹೊಸದು ಬೆಂಗಳೂರಿನ ಜೆ.ಸಿ. ರೋಡಲ್ಲಿ ಕೇಳು. ಅದನ್ನು ಬದಲಾಯಿಸಿದ ಮೇಲೆ ಮತ್ತೆ ಹಿಟ್ಟು ಇಟ್ಟು ಅಳೆ, ಆಮೇಲೆ ಸ್ಪಂಜಿನ ಎತ್ತರ ತೀರ್ಮಾನ ಮಾಡು.

ಟ್ರೇಗೆ ಹಿಂದಿನ ಎರಡೂ ಮೂಲೆಯಲ್ಲಿ ತೂತು ಇಟ್ಟು, ಅರ್ಧ ಇಂಚಿನ ರಬ್ಬರ್ ಪೈಪ್ ಕೆಳಕ್ಕೆ ಇಳಿಸು. ಒಂದೇ ತೂತು ಸಾಲದು, ಗಾಡಿ ಓರೆಯಾಗಿ ನಿಂತರೆ ನೀರು ಇನ್ನೊಂದು ಮೂಲೆಯಲ್ಲಿ ಉಳಿಯುತ್ತೆ. ಪೈಪಿನ ಬಾಯಿ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚೋ ಭಾಗ) ಕಡೆ ತಿರುಗಬಾರದು. ಸ್ಕೂಪಿನ ಬಾಯಿಗೆ ಒಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹಾಕು, ಕ್ವಾರಿ ಲಾರಿಗಳ ಹಿಂದೆ ಹೋಗುವಾಗ ಕಲ್ಲು ಚಿಮ್ಮುತ್ತೆ. ಜೋರು ಮಳೆಗಾಲಕ್ಕೆ ಬಾಯಿ ಮುಚ್ಚೋಕೆ ಒಂದು ಅಲ್ಯೂಮಿನಿಯಂ ಪ್ಲೇಟ್, ಎರಡು ಸ್ಕ್ರೂನಲ್ಲಿ ಬಿಚ್ಚೋ ಹಾಗೆ ಮಾಡಿಸಿಕೋ. ಅಳತೆ ತಗೊಂಡು ಬಂದರೆ ಪ್ಲೇಟ್ ನಾನೇ ಕತ್ತರಿಸಿ ಕೊಡ್ತೀನಿ.