ಗುಳಿಗೆ ಕೊಟ್ಟ ಮೂರನೇ ದಿನ ಗೇಣುದ್ದ ಹುಳ ಬಿತ್ತು. ಈ ಗುಳಿಗೆ ಕೆಲಸ ಮಾಡುತ್ತಾ, ಇಲ್ವಾ?

ಹಾನಗಲ್_ಕಡೆಯವಳು

ನಮ್ಮದು ಹಾನಗಲ್ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಏಳು ವರ್ಷ. ಈ ಆಗಸ್ಟ್ 10ಕ್ಕೆ ಶಾಲೆಯಲ್ಲಿ ಜಂತುಹುಳದ ಗುಳಿಗೆ ಕೊಟ್ಟರು. ಮೂರನೇ ದಿನ ಬೆಳಿಗ್ಗೆ ಹಿತ್ತಲಲ್ಲಿ ಕೂತವಳು "ಅವ್ವಾ" ಅಂತ ಚೀರಿದಳು. ಓಡಿ ಹೋಗಿ ನೋಡಿದರೆ ಹುಳ. ಗೇಣುದ್ದ ಇತ್ತು. ಬೆಳ್ಳಗೆ, ಸ್ವಲ್ಪ ಗುಲಾಬಿ ಬಣ್ಣ, ಎರೆಹುಳದಷ್ಟು ದಪ್ಪ. ನನಗೆ ಆವತ್ತು ಊಟ ಸೇರಲಿಲ್ಲ.

ಅತ್ತೆ ಅಂತೂ "ಗುಳಿಗಿ ನುಂಗಿಸಿದ ಮ್ಯಾಲೆ ಹುಳ ಆದವು ನೋಡು, ಮೊದಲ ಎಲ್ಲಿದ್ವು?" ಅಂತ ಶುರು ಮಾಡಿದ್ದಾರೆ. ಅದನ್ನು ನಾನು ನಂಬುವುದಿಲ್ಲ. ಆದರೆ ಅಂಗನವಾಡಿಗೆ ಹೋಗುವಾಗಿನಿಂದ ವರ್ಷಕ್ಕೆ ಎರಡು ಸಲ ಕೊಡುತ್ತಲೇ ಇದ್ದಾರೆ. ಕಮ್ಮಿ ಅಂದರೂ ಹತ್ತು ಗುಳಿಗೆ ಆಗಿರಬೇಕು. ಇಷ್ಟಾದ ಮೇಲೂ ಹೊಟ್ಟೆಯಲ್ಲಿ ಇಷ್ಟುದ್ದದ್ದು ಇದ್ದರೆ ಗುಳಿಗೆ ಯಾಕೆ ಕೊಡುವುದು?

ಇನ್ನೊಂದು ಮಾತು. ನನಗೆ ರಕ್ತ ಕಮ್ಮಿ, ಹಿಂದಿನ ತಿಂಗಳು ಹಿಮೋಗ್ಲೋಬಿನ್ 8.2 ಬಂದಿತ್ತು. ಭತ್ತದ ಗದ್ದೆ ಕೆಲಸ ನನ್ನದು, ಮನೆಯವರದ್ದು ಇಬ್ಬರದ್ದೂ ಇದೆ. ನಮಗೆ ಯಾರೂ ಗುಳಿಗೆ ಕೊಟ್ಟಿಲ್ಲ. ತಿಳಿದವರು ಹೇಳಿ.

ಹಳೇ_ಲ್ಯಾಬಿನವ

ತಂಗಿ, ನಾನು ಗದಗ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಲ್ಯಾಬ್ ಟೆಕ್ನಿಷಿಯನ್ ಆಗಿ 26 ವರ್ಷ ದುಡಿದು ನಿವೃತ್ತನಾದವನು. ಡಾಕ್ಟರ್ ಅಲ್ಲ. ಆದರೆ ಊರ ಜನರ ಮಲ ನನ್ನಷ್ಟು ನೋಡಿದವರು ಆ ಕಡೆ ಇನ್ನೊಬ್ಬರಿಲ್ಲ. ನಗಬೇಡಿ, ಹೊಟ್ಟೆಪಾಡು.

ನಿಮ್ಮ ಮಗಳಿಗೆ ಬಿದ್ದದ್ದು ದುಂಡುಹುಳ. ಗುಳಿಗೆ ಕೆಲಸ ಮಾಡಿದ್ದಕ್ಕೇ ಅದು ಬಿದ್ದಿದೆ. ಆ ಗುಳಿಗೆಯಲ್ಲಿರುವ ಔಷಧಿ ಆಲ್ಬೆಂಡಜೋಲ್, ಅದು ಹುಳಕ್ಕೆ ಸಕ್ಕರೆ ಅಂಶ ಹೀರಿಕೊಳ್ಳಲು ಬಿಡುವುದಿಲ್ಲ. ಹುಳ ಉಪವಾಸ ಬಿದ್ದು ಸೋತು ಸಾಯುತ್ತದೆ. ಹಾಗಾಗಿ ಹೊರಗೆ ಬರಲು ಎರಡು ಮೂರು ದಿನ ಹಿಡಿಯುವುದುಂಟು. ಅತ್ತೆಯವರಿಗೆ ಇಷ್ಟು ಹೇಳಿ: ಗೇಣುದ್ದ ಬೆಳೆಯಲು ಆ ಹುಳಕ್ಕೆ ಎರಡು ಮೂರು ತಿಂಗಳು ಬೇಕು. ಮೂರು ದಿನದಲ್ಲಿ ಆಗುವ ಮಾತಲ್ಲ.

ಹತ್ತು ಗುಳಿಗೆ ಆದ ಮೇಲೂ ಹೇಗೆ ಬಂತು ಅಂದಿರಿ. ಲೆಕ್ಕ ಹಾಕಿ. ಫೆಬ್ರವರಿ 10ಕ್ಕೆ ಗುಳಿಗೆ ತಿಂದಳು, ಹೊಟ್ಟೆ ಸ್ವಚ್ಛ ಆಯಿತು ಅಂತಲೇ ಇಟ್ಟುಕೊಳ್ಳಿ. ಮೇ ತಿಂಗಳಲ್ಲಿ ಮಣ್ಣಾಡಿದ ಕೈಯಲ್ಲಿ ಮತ್ತೆ ಮೊಟ್ಟೆ ಹೊಟ್ಟೆಗೆ ಹೋಯಿತು. ಆಗಸ್ಟ್ ಹೊತ್ತಿಗೆ ಹೊಸ ಹುಳ ತಯಾರು. ಗುಳಿಗೆಯ ಕೆಲಸ ಆವತ್ತು ಕರುಳಲ್ಲಿ ಇರುವ ಹುಳಕ್ಕೆ ಮಾತ್ರ. ನಾಳೆ ಬರುವುದನ್ನು ತಡೆಯಲು ಅದೇನು ಲಸಿಕೆಯೇ? ಒಂದು ಹೆಣ್ಣು ದುಂಡುಹುಳ ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಮಣ್ಣಿಗೆ ಬಿದ್ದ ಮೊಟ್ಟೆ ಎರಡು ಮೂರು ವಾರದಲ್ಲಿ ಹದಕ್ಕೆ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಬದುಕುತ್ತದೆ. ಬೇರೆ ಬೇರೆ ದೇಶಗಳಲ್ಲಿ ಮಾಡಿದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಔಷಧಿ ಕೊಟ್ಟು ವರ್ಷ ತುಂಬುವಷ್ಟರಲ್ಲಿ ದುಂಡುಹುಳ ಮೊದಲಿದ್ದ ಮಟ್ಟದ ನೂರಕ್ಕೆ 90 ಪಾಲಿಗೂ ಮೀರಿ ವಾಪಸ್ ಬಂದಿತ್ತು. ಅದಕ್ಕೇ ವರ್ಷಕ್ಕೆ ಎರಡು ಸಲ ಕೊಡುವುದು.

ಇನ್ನು ಗುಳಿಗೆಯ ತಾಕತ್ತು ಎಲ್ಲ ಹುಳಕ್ಕೂ ಒಂದೇ ಅಲ್ಲ. 400 ಮಿಲಿಗ್ರಾಂ ಒಂದೇ ಡೋಸ್ ಕೊಟ್ಟರೆ ದುಂಡುಹುಳ ಇದ್ದ 100 ಜನರಲ್ಲಿ 90ರ ಆಸುಪಾಸು ಪೂರ್ತಿ ವಾಸಿ. ಕೊಕ್ಕೆಹುಳ ಇದ್ದವರಲ್ಲಿ 70ರಿಂದ 80. ಚಾಟಿಹುಳ ಅಂತ ಒಂದಿದೆ, ಅದಕ್ಕೆ ಮಾತ್ರ 30 ಆದರೆ ದೊಡ್ಡದು. ಅದರ ಮೊಟ್ಟೆ ಸೂಕ್ಷ್ಮದರ್ಶಕದಲ್ಲಿ ಥೇಟ್ ಎರಡೂ ಕಡೆ ಬಿರಡೆ ಹಾಕಿದ ಪೀಪಾಯಿ. ಇಪ್ಪತ್ತಾರು ವರ್ಷ ನೋಡಿದರೂ ಸಿಕ್ಕಾಗೆಲ್ಲ ಪಕ್ಕದವರನ್ನು ಕರೆದು ತೋರಿಸುತ್ತಿದ್ದೆ.

ನಿಮ್ಮ 8.2ರ ಬಗ್ಗೆ ನನಗೆ ಮಗಳಿಗಿಂತ ಜಾಸ್ತಿ ಚಿಂತೆ. ಸವಣೂರು ಕಡೆ ಕೆಲವು ತಿಂಗಳು ಡೆಪ್ಯುಟೇಶನ್ ಇದ್ದೆ. ಎಲೆಬಳ್ಳಿ ತೋಟದ ಕೆಲಸದ ಹೆಣ್ಣುಮಗಳೊಬ್ಬಳು ಬಂದಳು. ನೆರಳು, ತೇವ, ಸಡಿಲ ಮಣ್ಣು, ಬರಿಗಾಲು: ಕೊಕ್ಕೆಹುಳಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕೇ? ಅದು ಬಾಯಿಂದ ಹೋಗುವುದು ಕಮ್ಮಿ, ಹೆಚ್ಚಾಗಿ ಅಂಗಾಲಿನ ಚರ್ಮ ಕೊರೆದುಕೊಂಡು ಒಳಗೆ ಹೋಗಿ ಕರುಳಿಗೆ ಕಚ್ಚಿಕೊಂಡು ರಕ್ತ ಕುಡಿಯುತ್ತದೆ. ಆಕೆಯ ಉಗುರು ಕಾಗದದ ಹಾಗೆ ಬಿಳಿ. ಹಿಮೋಗ್ಲೋಬಿನ್ 5. ಒಂದು ಹನಿ ಸಲೈನಿನಲ್ಲಿ ಮಲ ಕಲಸಿ ಸ್ಲೈಡ್ ಇಟ್ಟರೆ, ಎಲ್ಲಿ ಸರಿಸಿದರೂ ತೆಳು ಸಿಪ್ಪೆಯ ಮೊಟ್ಟೆಗಳು. ಡಾಕ್ಟರ್ ಗುಳಿಗೆ ಕೊಟ್ಟು, ಕಬ್ಬಿಣಾಂಶದ ಮಾತ್ರೆ ಮೂರು ತಿಂಗಳು ತಿನ್ನಿಸಿದರು. 10ಕ್ಕೆ ಏರಿತು. ಆಕೆ ಬುಟ್ಟಿ ಹೊತ್ತು ನಮ್ಮೆಲ್ಲರಿಗೂ ಎಲೆ ತಂದು ಕೊಟ್ಟಳು. ಮುಂದಿನ ಮಳೆಗಾಲಕ್ಕೆ ಮತ್ತೆ ಬಂದಳು, ಸ್ಲೈಡಿನಲ್ಲಿ ಮತ್ತೆ ಅದೇ ಮೊಟ್ಟೆ. ತೋಟ ಅದೇ, ಕಾಲು ಅದೇ.

ಶಾಲೆಯ ಗುಳಿಗೆ ಒಂದರಿಂದ 19 ವರ್ಷದವರಿಗೆ. ದುಂಡುಹುಳ, ಚಾಟಿಹುಳ ಮಕ್ಕಳಲ್ಲೇ ಜಾಸ್ತಿ, ಅದು ಸರಿ. ಕೊಕ್ಕೆಹುಳ ಹಾಗಲ್ಲ. ಹೊಲ ಗದ್ದೆಗೆ ಇಳಿಯುವ ದೊಡ್ಡವರ ಹೊಟ್ಟೆಯಲ್ಲೇ ಅದರ ಸಂಸಾರ. ಮಗುವಿಗೆ ಕೊಟ್ಟು ಅಪ್ಪನನ್ನು ಬಿಟ್ಟರೆ ಹಿತ್ತಲಿಗೆ ಮೊಟ್ಟೆ ಬೀಳುವುದು ನಿಲ್ಲುತ್ತದೆಯೇ? ನೀವಿಬ್ಬರೂ ಮಲ ಪರೀಕ್ಷೆ ಮಾಡಿಸಿ. ನೀವು ಬಸುರಿ ಆಗಿರುವ ಸಾಧ್ಯತೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ಮೊದಲ ಮೂರು ತಿಂಗಳು ಈ ಗುಳಿಗೆ ಕೊಡುವುದಿಲ್ಲ.

ಮಗಳು ಗುಳಿಗೆಯನ್ನು ಅಗಿದು ನುಂಗಿದಳಾ, ಕೇಳಿ ನೋಡಿ.

ಮುಂಡರಗಿ_ಮಾಸ್ತರ

ಸರ್, ನಾನು ಹೈಸ್ಕೂಲ್ ಮಾಸ್ತರ. ಪ್ರತಿ ಸಲ ನನ್ನ ಕೈಯಿಂದಲೇ ಹಂಚುತ್ತೇನೆ, ಆದರೂ ಅನುಮಾನ ಇದೆ. ಉತ್ತರ ಪ್ರದೇಶದ 72 ಬ್ಲಾಕುಗಳಲ್ಲಿ ಹತ್ತು ಲಕ್ಷ ಪುಟ್ಟ ಮಕ್ಕಳ ಮೇಲೆ ಐದು ವರ್ಷ ಇದೇ ಆಲ್ಬೆಂಡಜೋಲ್ ಪರೀಕ್ಷೆ ಮಾಡಿದರು, 2013ರಲ್ಲಿ ವರದಿ ಬಂತು. ಆರು ತಿಂಗಳಿಗೊಮ್ಮೆ ಕೊಟ್ಟರೂ ಮಕ್ಕಳ ತೂಕದಲ್ಲಿ, ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಕಡೆ ಕೀನ್ಯಾದಲ್ಲಿ ಕ್ರೆಮರ್ ಮತ್ತು ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು ಗುಳಿಗೆಯಿಂದ ಶಾಲೆಯ ಗೈರುಹಾಜರಿ ಇಳಿಯಿತು ಅಂದರು, ಅದರ ಮೇಲೆ ಇನ್ನೂ ಜಗಳ ನಿಂತಿಲ್ಲ. ಹುಳ ಸಾಯುತ್ತೆ, ಒಪ್ಪಿದೆ. ಮಗುವಿಗೆ ಏನು ಸಿಕ್ಕಿತು?

ಹಳೇ_ಲ್ಯಾಬಿನವ

ಮಾಸ್ತರೇ, ಒಳ್ಳೆ ಪ್ರಶ್ನೆ. ಆ ಉತ್ತರ ಪ್ರದೇಶದ ಲೆಕ್ಕದಲ್ಲೇ ಹುಳ ಇದ್ದ ಮಕ್ಕಳ ಪಾಲು, ಗುಳಿಗೆ ಸಿಗದ ಕಡೆಗೆ ಹೋಲಿಸಿದರೆ ಅರ್ಧಕ್ಕಿಂತ ಕಮ್ಮಿ ಇತ್ತು. ತೂಕ ಏರಲಿಲ್ಲ, ನಿಜ. ನಾನು ಸ್ಲೈಡ್ ನೋಡಿದವನಾಗಿ ಒಂದು ಮಾತು ಹೇಳುತ್ತೇನೆ. ಹುಳ ಊರಿಗೆಲ್ಲ ಸಮವಾಗಿ ಹಂಚಿಕೊಂಡು ಕೂತಿರುವುದಿಲ್ಲ. ಹೆಚ್ಚಿನವರ ಹೊಟ್ಟೆಯಲ್ಲಿ ಒಂದೋ ಎರಡೋ, ಅಥವಾ ಏನೂ ಇಲ್ಲ. ನಾಲ್ಕಾರು ಜನರ ಹೊಟ್ಟೆಯಲ್ಲಿ ರಾಶಿ. ಎಲ್ಲರಿಗೂ ಕೊಟ್ಟು ಸರಾಸರಿ ತೆಗೆದರೆ ಆ ನಾಲ್ಕು ಮಕ್ಕಳಿಗೆ ಆದ ಲಾಭ ಉಳಿದವರ ಲೆಕ್ಕದಲ್ಲಿ ಕರಗಿ ಹೋಗುತ್ತದೆ. ಕರುಳಿಗೆ ಹುಳದ ಗಂಟು ಅಡ್ಡ ಕೂತು ಆಪರೇಷನ್ ಆಗುವುದು ಅಂಥ ಮಕ್ಕಳಿಗೇ. ಅವರು ಯಾರು ಅಂತ ಮುಖ ನೋಡಿ ಗೊತ್ತಾಗುವುದಿಲ್ಲ. ಅದಕ್ಕೆ ಎಲ್ಲರಿಗೂ ಕೊಡುವುದು ಸರಿ ಅನ್ನುವವನು ನಾನು. ಇದರಿಂದ ಎಲ್ಲರ ಮಾರ್ಕ್ಸ್ ಏರುತ್ತದೆ ಅಂದರೆ ನಾನೂ ನಂಬುವುದಿಲ್ಲ.

ಎರೆಹೊಲ

ಸುಮ್ನೆ ಓದುತ್ತಿದ್ದೆ, ಒಂದು ನೆನಪಾಯಿತು. ನಮ್ಮ ಅಜ್ಜಿಯ ತವರು ವಿಜಯಪುರದ ಕಡೆ. ಆಕೆಯ ಮೊಣಕಾಲಿನ ಕೆಳಗೆ ನಾರುಹುಣ್ಣಿನ ಕಲೆ ಇತ್ತು, ರೂಪಾಯಿ ನಾಣ್ಯದಷ್ಟು. ಕುಡಿಯುವ ನೀರಿನಿಂದ ಒಳಗೆ ಹೋದ ಹುಳ ಚರ್ಮ ಒಡೆದು ಹೊರಬರುವ ಹುಣ್ಣು ಅದು. ಹುಳದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಿನಷ್ಟು ಎಳೆಯುತ್ತಿದ್ದರಂತೆ. ಹರಿದರೆ ಕಾಲು ಬಾವು. ಆ ಹುಳಕ್ಕೆ ಗುಳಿಗೆಯೂ ಇರಲಿಲ್ಲ, ಸೂಜಿಯೂ ಇರಲಿಲ್ಲ. ನೀರು ಸೋಸಲು ಬಟ್ಟೆ ಕೊಟ್ಟರು, ಮೆಟ್ಟಿಲು ಬಾವಿಗೆ ಜನ ಇಳಿಯುವುದನ್ನು ತಪ್ಪಿಸಿದರು, ನೀರಿಗೆ ಔಷಧಿ ಹಾಕಿದರು, ಬೋರ್‌ವೆಲ್ ಹಾಕಿಸಿದರು. ದೇಶದ ಕೊನೆಯ ಕೇಸು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿತು. ಔಷಧಿ ಇಲ್ಲದ ಹುಳ ಹೋಯಿತು, ಔಷಧಿ ಇರುವ ಹುಳ ಇನ್ನೂ ಇದೆ, ವಿಚಿತ್ರ ಅಲ್ವಾ?

ಹಾನಗಲ್_ಕಡೆಯವಳು

ಎಲ್ಲರಿಗೂ ನಮಸ್ಕಾರ. ಸರ್, ನೀವು ಹೇಳಿದಂತೆ ಮಗಳನ್ನು ಕೂರಿಸಿಕೊಂಡು ಕೇಳಿದೆ. ಮೊದಲು ತಲೆ ತಗ್ಗಿಸಿದಳು. ಆಮೇಲೆ ಹಳೇ ಕಂಪಾಸ್ ಬಾಕ್ಸ್ ತಂದು ತೆಗೆದಳು. ರಬ್ಬರಿನ ಕೆಳಗೆ, ಪೆನ್ಸಿಲ್ ಸಿಪ್ಪೆಯ ಜೊತೆ ಒಂದು ಗುಳಿಗೆ. ಫೆಬ್ರವರಿಯದ್ದು. ಅದರ ಹಿಂದಿನದನ್ನು ಬೆಕ್ಕಿಗೆ ಹಾಕಿದಳಂತೆ, ಬೆಕ್ಕೂ ಮೂಸಿ ಬಿಟ್ಟಿತಂತೆ. ಕೊಡುವಾಗ ಬಾಯಿ ತೆರೆಸಿ ನೋಡಿಲ್ಲ, ಮನೆಗೆ ಒಯ್ದು ತಿನ್ನು ಅಂದಿದ್ದಾರೆ. ಹತ್ತು ಅಂತ ಲೆಕ್ಕ ಹಾಕಿದ್ದೆ, ಹೊಟ್ಟೆಗೆ ಹೋಗಿದ್ದು ಎಷ್ಟೋ. ಈ ಸಲ ಪಕ್ಕದ ಹುಡುಗಿ ನೋಡುತ್ತಿದ್ದಳು ಅಂತ ಅಗಿದಿದ್ದಾಳೆ.

ಇನ್ನೊಂದು ನಾಚಿಕೆಯ ವಿಷಯ. ನಮ್ಮಲ್ಲಿ ಪಾಯಿಖಾನೆ ಇದೆ, ಕಟ್ಟಿ ಐದು ವರ್ಷ ಆಯಿತು. ಅದರಲ್ಲಿ ಕುಳ್ಳು ಪೇರಿಸಿದ್ದೇವೆ. ಮಳೆಗೆ ನೆನೆಯಬಾರದಲ್ಲ! ಮಾವನವರು ತಂಬಿಗೆ ಹಿಡಿದು ಹಳ್ಳದ ದಂಡೆಗೇ ಹೋಗುವುದು. ಮಕ್ಕಳಿಗೆ ಹಿತ್ತಲು. ಅದೇ ಹಿತ್ತಲಲ್ಲಿ ಮೆಂತ್ಯ, ಮೂಲಂಗಿ ಹಾಕಿದ್ದೇನೆ. ರೊಟ್ಟಿ ಜೊತೆ ಹಸಿ ತಪ್ಪಲು ಇಲ್ಲದಿದ್ದರೆ ನಮ್ಮಲ್ಲಿ ಯಾರಿಗೂ ಊಟ ಇಳಿಯುವುದಿಲ್ಲ, ಸುಮ್ನೆ ಸೆರಗಿಗೆ ಒರೆಸಿ ತಿನ್ನುತ್ತೇವೆ.

ನಿನ್ನೆ ಅರ್ಧ ಕುಳ್ಳು ಹೊರಗೆ ಹಾಕಿದೆ. ಅತ್ತೆ ಮಾತು ಬಿಟ್ಟಿದ್ದಾರೆ.

ಪರೀಕ್ಷೆಗೆ ಮಲ ಯಾವುದರಲ್ಲಿ ಒಯ್ಯಬೇಕು? ಕಡ್ಡಿಪೆಟ್ಟಿಗೆ ನಡೆಯುತ್ತಾ?

ಹಳೇ_ಲ್ಯಾಬಿನವ

ಕಡ್ಡಿಪೆಟ್ಟಿಗೆ ಬೇಡ ತಂಗಿ, ರಟ್ಟು ನೀರು ಹೀರಿ ಒಣಗಿಸಿಬಿಡುತ್ತದೆ. ನನಗೆ ಜನ ಅದರಲ್ಲೇ ತಂದುಕೊಡುತ್ತಿದ್ದರು, ಒಬ್ಬ ಅಜ್ಜ ಅಡಿಕೆ ಡಬ್ಬಿಯಲ್ಲಿ ತಂದು ಡಬ್ಬಿ ವಾಪಸ್ ಕೇಳಿದ್ದ. ಆಸ್ಪತ್ರೆಯಲ್ಲಿ ಮುಚ್ಚಳದ ಡಬ್ಬಿ ಕೊಡುತ್ತಾರೆ, ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಸಿಗದಿದ್ದರೆ ಅಗಲ ಬಾಯಿಯ ಸಣ್ಣ ಬಾಟಲಿ, ತೊಳೆದು ಪೂರ್ತಿ ಒಣಗಿಸಿದ್ದು. ಸುಣ್ಣದ ಡಬ್ಬಿ, ಫಿನಾಯಿಲ್ ಬಾಟಲಿ ಬೇಡ. ಹೆಬ್ಬೆರಳಿನ ತುದಿಯಷ್ಟು ಸಾಕು, ಮೂತ್ರ, ಮಣ್ಣು ಸೇರಬಾರದು. ಬೆಳಿಗ್ಗೆಯದ್ದೇ ಒಯ್ಯಿರಿ, ತಡ ಮಾಡಿದರೆ ಕೊಕ್ಕೆಹುಳದ ಮೊಟ್ಟೆ ಸರಿಯಾಗಿ ಗುರುತು ಸಿಗುವುದಿಲ್ಲ. ಮನೆಯವರದ್ದನ್ನೂ ಬೇರೆ ಡಬ್ಬಿಯಲ್ಲಿ ಒಯ್ಯಿರಿ, ಹೆಸರಿನ ಚೀಟಿ ಅಂಟಿಸಿ.

ಕಂಪಾಸ್ ಬಾಕ್ಸಿನ ಗುಳಿಗೆ ಎಸೆಯಿರಿ. ಅದನ್ನು ನೀವು ನುಂಗಬೇಡಿ ಮತ್ತೆ.