ಸಹಾಯ ಬೇಕು: ಹ್ಯಾಲೋವೀನ್ ಸೀಸನ್‌ನಲ್ಲಿ ಸೇಲಂ, ವಯಸ್ಸಾದವರ ಜೊತೆ

ಬಾಸ್ಟನ್ ಕಡೆಯವರು ದಯವಿಟ್ಟು ಹೇಳಿ. ಅಕ್ಟೋಬರ್ ಕೊನೆಯ ಶನಿವಾರ ಮ್ಯಾಸಚೂಸೆಟ್ಸ್‌ನ ಸೇಲಂಗೆ (ತಮಿಳುನಾಡಿನದ್ದಲ್ಲ!) ಹೋಗಬೇಕು. ಜೊತೆಗೆ ಮಂಡಿನೋವಿರುವ ಅತ್ತೆ, ಸ್ಟ್ರೋಲರ್‌ನಲ್ಲಿ ಮಗು. ಕಾರು ಬೇಡ ಅಂತ ತೀರ್ಮಾನ ಆಗಿದೆ: ವಾರಾಂತ್ಯ ಬೆಳಿಗ್ಗೆಯೇ ಪಾರ್ಕಿಂಗ್ ತುಂಬುತ್ತೆ, ಊರೊಳಗೆ ಕೆಲವು ರಸ್ತೆ ಮುಚ್ಚಿರ್ತಾರೆ. ನಾರ್ತ್ ಸ್ಟೇಷನ್‌ನಿಂದ ನ್ಯೂಬರಿಪೋರ್ಟ್-ರಾಕ್‌ಪೋರ್ಟ್ ಲೈನ್ ರೈಲಲ್ಲಿ ಸುಮಾರು ಅರ್ಧ ಗಂಟೆ. ಸೌತ್ ಸ್ಟೇಷನ್‌ಗೆ ಹೋದರೆ ಈ ರೈಲು ಸಿಗಲ್ಲ, ಹೊಸಬರು ಎಡವೋದು ಇಲ್ಲೇ.

ವೇಷ, ಮೆರವಣಿಗೆ ಮಕ್ಕಳಿಗೆ ಸಾಕು. ನಮಗೆ ಮುಖ್ಯ 1692ರ ಮಾಟಗಾತಿ ವಿಚಾರಣೆಗಳ ನ್ಯಾಯಾಧೀಶ ಜೊನಾಥನ್ ಕಾರ್ವಿನ್ ಮನೆ (ವಿಚ್ ಹೌಸ್), ಮತ್ತೆ ಚಾರ್ಟರ್ ಸ್ಟ್ರೀಟ್ ಸ್ಮಶಾನದ ಪಕ್ಕ ಆ ವಿಚಾರಣೆಗಳಿಗೆ ಬಲಿಯಾದವರ ಸ್ಮಾರಕ. ಅಲ್ಲಿ ಗೋಡೆಯಿಂದ ಹೊರಚಾಚಿದ 20 ಕಲ್ಲುಬೆಂಚುಗಳ ಮೇಲೆ ಸತ್ತವರ ಹೆಸರು, ಹೇಗೆ ಕೊಂದರು, ಯಾವತ್ತು ಅಂತ ಕೆತ್ತಿದೆ. ಬೆಂಚು ಅಂತ ಅತ್ತೆಯವರನ್ನು ಅದರ ಮೇಲೆ ಕೂರಿಸೋಕೆ ಮನಸ್ಸು ಬರಲ್ಲ. ಹಾಗಾಗಿ:

ಹತ್ತಿರದಲ್ಲಿ ಕೂರೋಕೆ ಜಾಗ, ಕ್ಯೂ ಕಡಿಮೆ ಇರೋ ಟಾಯ್ಲೆಟ್ ಎಲ್ಲಿ? ಪೀಬಡಿ ಎಸೆಕ್ಸ್ ಮ್ಯೂಸಿಯಂಗೆ ಟಿಕೆಟ್ ತಗೊಂಡು ಮಧ್ಯಾಹ್ನ ಅಲ್ಲೇ ಕಳೆಯೋದು ಜಾಣತನವಾ? ಎಸೆಕ್ಸ್ ಸ್ಟ್ರೀಟ್‌ನಲ್ಲಿ ಸಂಜೆ ಸ್ಟ್ರೋಲರ್ ಸಾಗುತ್ತಾ? ವಾಪಸ್ ರೈಲು ಹತ್ತೋಕೆ ಎಷ್ಟು ಹೊತ್ತು ಮುಂಚೆ ನಿಲ್ಲಬೇಕು? ನಾಲ್ಕು ಗಂಟೆಗೇ ಹೊರಟುಬಿಡೋದು ವಾಸಿಯಾ?